ಗುಂಡಿಗೆ ತಕ್ಕ ಬಂದೂಕು

ನನ್ನ ಗಂಡ ಚಿದಾನಂದ ಅವರಿಗೆ ಈ ಲೋಕದಲ್ಲಿ ಯಾರ ಮೇಲೂ ಹಗೆಯಿಲ್ಲ. ಹಗೆ ಸಾಧಿಸುವುದಕ್ಕೆ ಖರ್ಚಾಗುತ್ತದೆ, ಅವರು ಖರ್ಚಿನ ಮನುಷ್ಯರಲ್ಲ. ಅಂಥವರ ಗ್ಯಾರೇಜಿನಲ್ಲಿ ಒಂದು ವರ್ಷದೊಳಗೆ ಮೂರು ಬಂದೂಕು, ಹದಿನೈದು ಸಾವಿರ ಗುಂಡು ಹೇಗೆ ಸೇರಿಕೊಂಡವು ಎಂದು ನಮ್ಮೂರು ಅಲೆನ್‌ನಲ್ಲಿರುವ ಕನ್ನಡದವರೆಲ್ಲ ನನ್ನನ್ನು ಕೇಳಿದ್ದಾರೆ. ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟಿದ್ದೇನೆ. ಡಿಸ್ಕೌಂಟಿನಲ್ಲಿ.

ಶುರುವಾದದ್ದು ಪಕ್ಕದ ಊರು ಪ್ಲೇನೋದಲ್ಲಿರುವ ಇವರ ಆಫೀಸಿನ ಊಟದ ಮೇಜಿನಲ್ಲಿ. ಹೋದ ದಸರೆಯಲ್ಲಿ ಇವರ ಲ್ಯಾಪ್‌ಟಾಪಿನ ಮೇಲೆ ಅಂಟಿದ್ದ ಕುಂಕುಮ ನೋಡಿ ವೇಯ್ನ್ ಎಂಬ ಸಹೋದ್ಯೋಗಿ ಇದೇನೆಂದು ಕೇಳಿದ. ನಮ್ಮಲ್ಲಿ ವರ್ಷಕ್ಕೊಂದು ದಿನ ಆಯುಧಗಳಿಗೆ ಪೂಜೆ ಮಾಡುತ್ತೇವೆ ಎಂದು ಇವರು ವಿವರಿಸಿದರು. ವೇಯ್ನ್ ಮನೆಯಲ್ಲಿ ಹನ್ನೊಂದು ಬಂದೂಕುಗಳಿವೆ. ಅವನು ತಿನ್ನುತ್ತಿದ್ದುದನ್ನು ಕೆಳಗಿಟ್ಟು, ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೂ ಹೇಳಲಿಲ್ಲವಲ್ಲ, ನಿನ್ನ ಮನೆಯಲ್ಲಿ ಯಾವ ಯಾವ ಆಯುಧಗಳಿವೆ ಎಂದು ಬಹಳ ಗೌರವದಿಂದ ಕೇಳಿದನಂತೆ.

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಪೂಜೆಯಾದದ್ದು ಎರಡು ಕಾರು, ಮಿಕ್ಸಿ, ಈಳಿಗೆಮಣೆ ಮತ್ತು ಹುಲ್ಲು ಕತ್ತರಿಸುವ ಯಂತ್ರಕ್ಕೆ. ಇವರು ಅದನ್ನು ಹೇಳಲಿಲ್ಲ. "ನಮ್ಮ ತಾತನ ಕೋವಿ ಮೈಸೂರಿನಲ್ಲೇ ಉಳಿದುಬಿಟ್ಟಿತು" ಅಂದರು. ತಾತ ಮುಜರಾಯಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನದಲ್ಲಿ ಅವರು ಹೊಡೆದದ್ದು ಸೊಳ್ಳೆ ಮತ್ತು ಸೀಲು.

ಕೋವಿಯ ವಂಶಸ್ಥನನ್ನು ವೇಯ್ನ್ ಮುಂದಿನ ಶನಿವಾರವೇ ಗುಂಡು ಹಾರಿಸುವ ರೇಂಜಿಗೆ ಕರೆದುಕೊಂಡು ಹೋದ. ಇವರು ಕಿವಿ ಗುಯ್‌ಗುಡುತ್ತ ಮನೆಗೆ ಬಂದು, ನಾನು ಮೂರು ಸಲ ಕೂಗಿದರೂ ಕೇಳಿಸಿಕೊಳ್ಳದೆ, ಲ್ಯಾಪ್‌ಟಾಪ್ ತೆರೆದು ಕೂತರು. ಎರಡು ವಾರದಲ್ಲಿ ಪಿಸ್ತೂಲು ಬಂತು. ನಾನೂರ ಇಪ್ಪತ್ತು ಡಾಲರಿನದು ಮುನ್ನೂರ ಇಪ್ಪತ್ತೊಂಬತ್ತಕ್ಕೆ.

ನಾನು ಬಂದೂಕು ಯಾಕೆ ಎಂದು ಕೇಳಿದೆ. ಇವರು ಬಂದೂಕಿಗೆ ಎಷ್ಟು ಎಂದು ಕೇಳಿದ ಹಾಗೆ ಉತ್ತರಿಸಿದರು. ಮೂವತ್ತು ವರ್ಷ ಬಾಳಿಕೆ ಬರುವ ವಸ್ತು, ವರ್ಷಕ್ಕೆ ಹನ್ನೊಂದು ಡಾಲರು ಬಿತ್ತು, ನಿನ್ನ ಕರಿಬೇವಿನ ಗಿಡಕ್ಕೆ ಹಾಕುವ ಗೊಬ್ಬರಕ್ಕಿಂತ ಕಡಿಮೆ. ನಮ್ಮ ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಯಾಕೆ ಎಂದು ಕೇಳಿದ ಪ್ರಶ್ನೆಗಳಿಗೆಲ್ಲ ಹೀಗೆ ಎಷ್ಟು ಎಂಬುದರ ಉತ್ತರವೇ ಬಂದಿದೆ.

"ಗುಂಡಿಗೆ ದುಡ್ಡು ಬೇಡವಾ?" ಅಂದೆ.

"ಅದು ಚಿಲ್ಲರೆ ಖರ್ಚು ಕಣೇ."

ಚಿಲ್ಲರೆ ಹೀಗಿತ್ತು. ಶನಿವಾರಕ್ಕೆ ನೂರೈವತ್ತು ಗುಂಡು, ಗುಂಡೊಂದಕ್ಕೆ ಇಪ್ಪತ್ತೆಂಟು ಸೆಂಟು. ಎಂಟನೆಯ ಶನಿವಾರ ಗುಂಡಿನ ಖರ್ಚು ಬಂದೂಕಿನ ಬೆಲೆಯನ್ನು ದಾಟಿತು. ಇವರ ಎಕ್ಸೆಲ್ ಹಾಳೆಯಲ್ಲಿ ಆ ಸಾಲು ತಾನಾಗಿ ಕೆಂಪಾಯಿತಂತೆ. ಗುರಿಗೆಂದು ನೇತುಹಾಕಿದ ಕಾಗದದ ಬಿಲ್ಲೆಗೆ ತೂತು ಮಾಡಿ ಬರುವುದಕ್ಕೆ ಪ್ರತಿ ವಾರ ನಲವತ್ತೆರಡು ಡಾಲರು ಎಂಬುದು ಅಂದು ಇವರಿಗೆ ಹೊಳೆಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು ಹೋಲ್‌ಸೇಲಿಗೆ ಇಳಿದರು.

ಫೆಬ್ರವರಿಯಲ್ಲಿ ಡೆಲಿವರಿಯವನು ಐದು ಪೆಟ್ಟಿಗೆಗಳನ್ನು ಗ್ಯಾರೇಜಿನ ಬಾಗಿಲಲ್ಲಿ ಇಳಿಸಿ ಸೊಂಟ ಹಿಡಿದುಕೊಂಡು ನಿಂತ. ನೀರು ಕೊಟ್ಟೆ. ಟೈಲ್ಸಾ ಎಂದು ಕೇಳಿದ. ಹೌದು ಎಂದೆ. ಗಂಡನ ಮಾನ ಕಾಪಾಡಲು ಹೆಂಡತಿ ಹೇಳುವ ಸುಳ್ಳುಗಳಲ್ಲಿ ಇದು ಸಣ್ಣದು. ಒಳಗೆ ಐದು ಸಾವಿರ ಗುಂಡುಗಳಿದ್ದವು, ಇಪ್ಪತ್ತೆರಡು ಸೆಂಟಿನಂತೆ ಕ್ಲಿಯರೆನ್ಸಿನಲ್ಲಿ ಬಂದದ್ದು. ಇವರು ಒಂದು ಡಬ್ಬಿ ಒಡೆದು, ಒಂದು ಗುಂಡನ್ನು ಪಿಸ್ತೂಲಿನೊಳಗೆ ತುರುಕಲು ನೋಡಿದರು. ಅದು ಹೋಗಲಿಲ್ಲ. ಇನ್ನೊಂದು ನೋಡಿದರು. ಅದೂ ಹೋಗಲಿಲ್ಲ. ಐದು ಸಾವಿರದಲ್ಲಿ ಯಾವುದೂ ಹೋಗುವಂತಿರಲಿಲ್ಲ, ಏಕೆಂದರೆ ಅವು ಬೇರೆ ಅಳತೆಯ ಗುಂಡುಗಳು. ಇವರು ಜಾಹೀರಾತಿನಲ್ಲಿ ಬೆಲೆಯ ಅಂಕಿ ಓದಿದ್ದರು, ಅಳತೆಯ ಅಂಕಿ ಓದಿರಲಿಲ್ಲ.

ನಮ್ಮ ಜನ ಈ ದೇಶದಲ್ಲಿ ಬೇರು ಬಿಟ್ಟಿರುವುದು ವಾಪಸು ಕೊಡುವ ಹಕ್ಕಿನ ಮೇಲೆ. ಏಳು ವರ್ಷ ಮಲಗಿದ ಹಾಸಿಗೆಯನ್ನು ಇವರು ಬೆನ್ನು ನೋವೆಂದು ವಾಪಸು ಕೊಟ್ಟಿದ್ದಾರೆ. ಮಗಳ ಪದವಿ ಪ್ರದಾನಕ್ಕೆ ಹಾಕಿಕೊಂಡ ಸೂಟನ್ನು ಮರುದಿನ ಚೀಟಿ ಸಮೇತ ಹಿಂತಿರುಗಿಸಿದ್ದಾರೆ. ಆ ಧೈರ್ಯದಲ್ಲಿ ಫೋನು ಮಾಡಿದರು. ಗುಂಡುಗಳನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಆ ಕಡೆಯ ಹುಡುಗಿ ಹೇಳಿದಳು. ಡಬ್ಬಿ ಒಡೆದಿಲ್ಲ ಎಂದರು. ಇಲ್ಲ ಎಂದಳು. ಮ್ಯಾನೇಜರನ್ನು ಕರಿ ಎಂದರು. ಮ್ಯಾನೇಜರೂ ಇಲ್ಲ ಎಂದ. ಇವರು ಫೋನಿಟ್ಟು, ಪೌರತ್ವವೇ ಕಳೆದುಕೊಂಡವರ ಹಾಗೆ ಕೂತರು.

ಆಮೇಲೆ ಅಂಥ ಮನಸ್ಸಿಗೆ ಮಾತ್ರ ಹೊಳೆಯುವ ಪರಿಹಾರ ಹೊಳೆಯಿತು. ಸಾವಿರದ ನೂರು ಡಾಲರಿನ ಗುಂಡು ವ್ಯರ್ಥವಾಗುವ ಬದಲು ನಾನೂರ ಐವತ್ತರ ಬಂದೂಕು ಕೊಂಡರೆ ಆರುನೂರ ಐವತ್ತು ಉಳಿತಾಯ. ಉಳಿತಾಯವನ್ನು ಅದೇ ವಾರ ಮನೆಗೆ ತಂದರು. ಹೀಗೆ ನಮ್ಮ ಮನೆಗೆ ಎರಡನೆಯ ಬಂದೂಕು, ಇನ್ನೊಂದು ಪಿಸ್ತೂಲು, ಬಂತು. ಮಿಕ್ಕವರ ಮನೆಯಲ್ಲಿ ಬಂದೂಕಿಗೆ ಗುಂಡು ಕೊಳ್ಳುತ್ತಾರೆ.

ಮಾರ್ಚಿನ ರಜೆಗೆ ಮಗಳು ಮಹತಿ ಆಸ್ಟಿನ್‌ನಿಂದ ಬಂದಳು. ಅಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಮೂರು ವಾರಕ್ಕೊಮ್ಮೆ ಬಂದು ಹೋಗುವ ಹುಡುಗಿ. ಪಿಸ್ತೂಲಿನ ವಿಷಯವನ್ನು ಅಲ್ಲಿಯವರೆಗೆ ಅವಳಿಗೆ ಹೇಳಿರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಹುಡುಕಲು ಗ್ಯಾರೇಜಿಗೆ ಹೋದವಳು ಪೆಟ್ಟಿಗೆಗಳ ಮುಂದೆ ನಿಂತುಬಿಟ್ಟಳು. ಇವರು ಉತ್ಸಾಹದಿಂದ ಬಿಲ್ಲು ಕೈಯಲ್ಲಿ ಹಿಡಿದು, ಉಳಿತಾಯದ ಕಥೆಯನ್ನು ಮೊದಲಿನಿಂದ ಹೇಳಿದರು. ಮಹತಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಕನ್ನಡಕ್ಕೆ ಬಂದಳೆಂದರೆ ವಿಷಯ ಕೈಮೀರಿದೆ ಎಂದರ್ಥ.

"ಅಪ್ಪಾ, ಇವು ಈ ಮನೆಯಲ್ಲಿ ಇರೋವರೆಗೂ ನಾನು ಬರಲ್ಲ" ಅಂದಳು. ಸಂಜೆಯ ಬಸ್ಸಿಗೇ ಹೊರಟುಹೋದಳು.

ಅವಳು ಇಲ್ಲಿ ಶಾಲೆಗೆ ಹೋದವಳು. ಐದನೆಯ ವಯಸ್ಸಿನಲ್ಲಿ ಒಂದು ದಿನ ಅಂಗಿಯ ಮೇಲೆ ನಕ್ಷತ್ರದ ಸ್ಟಿಕರ್ ಅಂಟಿಸಿಕೊಂಡು ಬಂದಿದ್ದಳು. ಯಾರೋ ಬಂದೂಕು ಹಿಡಿದು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಅಂದು ಅಭ್ಯಾಸ ಮಾಡಿಸಿದ್ದರು. ದೀಪ ಆರಿಸಿದ ಕೋಣೆಯ ಮೂಲೆಯಲ್ಲಿ ಎಲ್ಲರಿಗಿಂತ ಸದ್ದಿಲ್ಲದೆ ಕೂತವಳು ಮಹತಿ, ಅದಕ್ಕೆ ಬಹುಮಾನ. ನಾವಿಬ್ಬರೂ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿ ಹೆಮ್ಮೆಪಟ್ಟೆವು. ಸುಮ್ಮನೆ ಕೂರುವ ಮಕ್ಕಳನ್ನು ಕಂಡರೆ ನಮ್ಮವರಿಗೆ ಮೊದಲಿನಿಂದಲೂ ಸಂತೋಷ. ಊರಿನ ಮಾಲಿನಲ್ಲೇ ಗುಂಡಿನ ದಾಳಿ ನಡೆದು ಜನ ಸತ್ತದ್ದನ್ನು ಕಂಡಿರುವ ಅಲೆನ್‌ನವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇವರಿಗೆ ಮಾತ್ರ ಹೇಳಬೇಕಾಯಿತು. ಇವರ ಪ್ರಕಾರ ಮಗಳು ಸಿಟ್ಟಾದದ್ದು ಬಿಲ್ಲು ನೋಡಿ.

"ನನ್ನ ಮೇಲೇ ಹೋಗಿದಾಳೆ. ದುಂದು ಕಂಡ್ರೆ ಆಗಲ್ಲ" ಅಂದರು. ಮುಖದಲ್ಲಿ ಸಂತೃಪ್ತಿ ಇತ್ತು.

"ಅವಳಿಗೆ ದುಡ್ಡಿನ ಯೋಚನೆ ಅಲ್ಲ ರೀ. ಭಯ."

"ಅದೇ ನಾನೂ ಹೇಳ್ತಿರೋದು. ಖರ್ಚಿನ ಭಯ."

ಇವರೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಸುದ್ದಿ ಹರಡಿದ ಮೇಲೆ ನಮ್ಮ ಬಳಗದಲ್ಲಿ ಬುದ್ಧಿ ಹೇಳಲು ಬಂದವರೆಲ್ಲ ಇವರ ಲೆಕ್ಕವನ್ನೇ ತಿದ್ದಿದರು. ಎದುರು ಮನೆಯ ಅಲಮೇಲು ಆಂಟಿ ಕೋಸಂಬರಿಯ ಡಬ್ಬಿ ಹಿಡಿದು ಬಂದು, ಅಷ್ಟು ದುಡ್ಡಿನಲ್ಲಿ ಹುಡುಗಿಗೆ ಒಂದು ಜೊತೆ ಬಳೆಯಾಗುತ್ತಿತ್ತು ಎಂದು ಕಣ್ಣೊರೆಸಿಕೊಂಡರು. ಅವರ ಮನೆಯವರು ಗುಂಡಿನಲ್ಲಿರುವ ತಾಮ್ರ ಮತ್ತು ಸೀಸದ ಪೇಟೆ ಬೆಲೆಯನ್ನು ಫೋನಿನಲ್ಲಿ ನೋಡಿ ತಲೆಯಾಡಿಸಿದರು. ಮಗಳು ಮನೆಗೆ ಬರುವುದಿಲ್ಲವೆಂದಿದ್ದಾಳೆ ಎಂದು ನಾನು ಹೇಳಿದೆ. ಪಾಪ, ಚೀಪ್ ಆಗಿ ಸಿಕ್ಕಿದ್ದರೆ ಅವಳಿಗೂ ಬೇಜಾರಾಗುತ್ತಿರಲಿಲ್ಲ ಎಂದರು ಆಂಟಿ.

ಏಪ್ರಿಲ್ ಹೋಯಿತು, ಮೇ ಹೋಯಿತು, ಮಹತಿ ಬರಲಿಲ್ಲ. ಅವಳ ಕೋಣೆಯ ಹಾಸಿಗೆಯ ಮೇಲೆ ಹೊದಿಕೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ನಾನು ವಾರಕ್ಕೊಮ್ಮೆ ಅದನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದೆ. ಇವರು ಅಷ್ಟು ಹೊತ್ತಿಗೆ ಖರ್ಚನ್ನು ಇಳಿಸಿಯೇ ಮಗಳನ್ನು ಕರೆತರುವುದೆಂದು ಪಣ ತೊಟ್ಟಿದ್ದರು.

ಜೂನಿನಲ್ಲಿ ಸಲಹೆಗೆಂದು ಹ್ಯೂಸ್ಟನ್ ಕಡೆಗೆ ಹೋದೆವು. ಅಲ್ಲಿ ಕೇಟಿ ಎಂಬ ಊರಿನಲ್ಲಿ ಇವರ ಕಾಲೇಜಿನ ರೂಮ್‌ಮೇಟ್ ಸಂಗಮೇಶ್ ಇದ್ದಾರೆ. ಧಾರವಾಡದವರು, ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್, ಪ್ರತಿಯೊಂದು ವಿಷಯದಲ್ಲೂ ಇವರಿಗಿಂತ ಎರಡು ವರ್ಷ ಮೊದಲೇ ಮೂರ್ಖರಾಗಿ ಮುಗಿಸಿದವರು. ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೋಡ್ರಿ ವೈನಿ, ಬಂದೂಕ ಅಂದ್ರ ಎಮ್ಮಿ ಇದ್ದಂಗ. ಕೊಳ್ಳೂದು ಒಮ್ಮೆ, ಮೇವು ದಿನಾ. ನಿಮ್ಮ ಮನಿಯವ್ರು ಅಗ್ಗಕ್ಕ ಮೇವು ಸಿಕ್ತಂತ ಇನ್ನೊಂದು ಎಮ್ಮಿ ಕೊಂಡಾರ."

ಕೊನೆಗೂ ಒಬ್ಬರಾದರೂ ಬುದ್ಧಿವಂತರು ಸಿಕ್ಕರು ಎಂದು ನಾನು ಊಟಕ್ಕೆ ಒಪ್ಪಿಕೊಂಡೆ. ಊಟ ಮುಗಿಯುವಷ್ಟರಲ್ಲಿ ಸಂಗಮೇಶ್ ಒಳಗಿನಿಂದ ಒಂದು ಸಪೂರ ಬಂದೂಕು ತಂದು ಸೋಫಾದ ಮೇಲೆ ಇಟ್ಟಿದ್ದರು. ಇದರ ಗುಂಡು ಕಡಲೆಕಾಯಿಯಷ್ಟೇ ಇರುತ್ತದೆ, ಒಂದಕ್ಕೆ ಏಳು ಸೆಂಟು.

"ಇದು ಆಡು ಇದ್ದಂಗ ದೋಸ್ತ. ನಾಕು ಎಲಿ ಹಾಕಿದ್ರ ಮುಗೀತು. ನಿನಗಂತ ಇನ್ನೂರಕ್ಕ ಕೊಡ್ತೀನಿ."

ಆಡನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಸ್ವಲ್ಪ ಸುತ್ತಾದರೂ ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೋಗೋಣವೆಂದೆ. ಬಂದೂಕು ಇಟ್ಟುಕೊಂಡು ದೇವಸ್ಥಾನಕ್ಕೆ ಹೋಗಬಾರದೆಂದು ಇವರು ನನಗೆ ಶಾಸ್ತ್ರ ಹೇಳಿದರು. ನಾಲ್ಕು ಗಂಟೆಯ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಇವರು ಅದನ್ನು ಒಪ್ಪಿಗೆಯೆಂದು ತಿಳಿದು, ಮನೆಗೆ ಬಂದೊಡನೆ ಏಳು ಸೆಂಟಿನ ಗುಂಡು ಹತ್ತು ಸಾವಿರ ತರಿಸಿದರು.

ಪ್ರತಿ ತಿಂಗಳ ಮೊದಲನೆಯ ತಾರೀಕು ಎಕ್ಸೆಲ್ ಹಾಳೆ ಮಹತಿಗೆ ಹೋಗುತ್ತಿತ್ತು. ಜೊತೆಗೊಂದು ಸಾಲು, ಇನ್ನೂ ಕಡಿಮೆಯಾಗಿದೆ, ಬಾ ಪುಟ್ಟಿ. ಅವಳಿಂದ ಉತ್ತರವಿಲ್ಲ. ಉತ್ತರ ಬಾರದಿದ್ದರೆ ಇವರು ಇನ್ನೂ ಕಡಿಮೆ ಮಾಡುತ್ತಿದ್ದರು. ಕಡಿಮೆ ಮಾಡಬೇಕಾದರೆ ಇನ್ನೂ ಹೆಚ್ಚು ಕೊಳ್ಳಬೇಕಾಗುತ್ತಿತ್ತು. ಮೂರನ್ನೂ ಇಡಲು ಆರುನೂರು ಡಾಲರಿನ ಕಬ್ಬಿಣದ ಕಪಾಟು ಬಂತು. ಅದನ್ನು ಹಾಳೆಯಲ್ಲಿ ಪೀಠೋಪಕರಣ ಎಂದು ಬರೆದುಕೊಂಡರು.

ನವರಾತ್ರಿ ಹತ್ತಿರ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವವಳು ಮಹತಿ. ಮೂರು ವರ್ಷದವಳಿದ್ದಾಗಿನಿಂದ ಪಟ್ಟದ ರಾಜ ರಾಣಿಯರನ್ನು ಮೇಲಿನ ಮೆಟ್ಟಿಲಿನಲ್ಲಿ ಇಡುವುದು ಅವಳ ಕೈಯಿಂದಲೇ ಆಗಬೇಕು. ಈ ಸಲ ಬರುತ್ತೀಯಾ ಎಂದು ಕೇಳಿದೆ. ಅಮ್ಮಾ, ಐ ಟೋಲ್ಡ್ ಹಿಮ್ ಇನ್ ಮಾರ್ಚ್ ಅಂದಳು. ಇವರು ಪಕ್ಕದಿಂದ ಕೇಳಿಸಿಕೊಂಡು, ಫೋನಿನಲ್ಲಿ ಗ್ರಾಫು ಸರಿಯಾಗಿ ಕಾಣುವುದಿಲ್ಲ, ಖುದ್ದಾಗಿ ಹೋಗಿ ತೋರಿಸಬೇಕು ಅಂದರು.

ಪಾಡ್ಯದ ಹಿಂದಿನ ದಿನ ಆಸ್ಟಿನ್‌ಗೆ ಹೊರಟೆವು. ಇವರು ಬಣ್ಣದ ಪ್ರಿಂಟು ತೆಗೆಸಿ ಫೈಲಿಗೆ ಹಾಕಿಕೊಂಡರು. ನಾನು ಕಾರಿನ ಹಿಂಭಾಗಕ್ಕೆ ಎರಡು ರಟ್ಟಿನ ಪೆಟ್ಟಿಗೆ ಇಟ್ಟೆ. ಚಕ್ಕುಲಿಯಾ ಎಂದು ಕೇಳಿದರು. ನಾನು ಹೂಂ ಎಂದೆ.

ಮಹತಿ ಇಬ್ಬರು ಗೆಳತಿಯರ ಜೊತೆ ಇದ್ದಾಳೆ, ಉಡುಪಿಯ ನಿಶಿತಾ ಮತ್ತು ಕಲಬುರ್ಗಿಯ ಫರ್ಹಾನಾ. ಇಬ್ಬರೂ ಚಹಾ ಕೊಟ್ಟು, ಒಳಗೆ ಹೋಗಬೇಕೋ ಕೂರಬೇಕೋ ತಿಳಿಯದೆ ಅಡುಗೆಕಟ್ಟೆಗೆ ಒರಗಿ ನಿಂತರು. ಇವರಿಗೆ ಸಭೆ ಸೇರಿದಷ್ಟೂ ಹುರುಪು. ಫೈಲು ಬಿಚ್ಚಿ, ಕೆಂಪು ಗೆರೆ ಬಂದೂಕಿನದು, ನೀಲಿ ಗೆರೆ ಗುಂಡಿನದು, ಮೊದಲ ವರ್ಷ ಬಂದೂಕು ದುಬಾರಿ ಎನ್ನಿಸುತ್ತದೆ, ಕಾಲ ಕಳೆದಂತೆ ನಿಜವಾದ ಭಾರ ಗುಂಡಿನದು ಎಂದು ಪಾಠ ಮಾಡಿದರು. ಫರ್ಹಾನಾ ತಲೆದೂಗಿದಳು, ಮರ್ಯಾದೆಗೆ. ಕೊನೆಯ ಹಾಳೆಯಲ್ಲಿ ನೀಲಿ ಗೆರೆ ನೆಲಕ್ಕೆ ತಾಗಿತ್ತು.

"ಇಪ್ಪತ್ತೆಂಟು ಇದ್ದಿದ್ದು ಏಳಕ್ಕೆ ತಂದಿದೀನಿ. ಇನ್ನೇನು ಮಾಡ್ಲಿ ಹೇಳು" ಅಂದರು.

ಮಹತಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ್ಕೆ ಬಂದಳು.

"ಏಳು ಸೆಂಟಾ ಅಪ್ಪಾ?"

"ಏಳೇ."

"ಅದೇ ನಂಗೆ ಭಯ. ನನ್ನ ಕ್ಲಾಸಿನಲ್ಲಿ ಮೂವತ್ತು ಜನ ಇದೀವಿ. ಎಲ್ಲರಿಗೂ ಸೇರಿ ಎರಡು ಡಾಲರ್ ಹತ್ತು ಸೆಂಟು ಸಾಕು."

ಇವರ ಬಾಯಿ ತೆರೆದಿತ್ತು. ಈಗಾದರೂ ತಲೆಗೆ ಹೋಯಿತು ಎಂದು ನಾನು ನಂಬಿದೆ. ಇವರು ಫೈಲಿನ ಹಿಂದಿನ ಹಾಳೆಗೆ ಹೋಗಿ, ಬೆರಳಿಟ್ಟು, ತಗ್ಗಿದ ದನಿಯಲ್ಲಿ ಕೇಳಿದರು.

"ಹಾಗಾದ್ರೆ ಮೊದಲಿನದೇ ವಾಸಿಯಾಗಿತ್ತಾ? ಅದು ಸ್ವಲ್ಪ ದುಬಾರಿ."

ನಾನು ಎದ್ದು ಕೆಳಗೆ ಹೋಗಿ ಕಾರಿನಿಂದ ಎರಡೂ ಪೆಟ್ಟಿಗೆ ತಂದೆ. ಹಳೆಯ ಸೀರೆಯಲ್ಲಿ ಸುತ್ತಿದ ಪಟ್ಟದ ಗೊಂಬೆಗಳನ್ನು ಬಿಚ್ಚಿ ಮಹತಿಯ ಕೈಗೆ ಕೊಟ್ಟೆ. ಈ ಸಲ ಗೊಂಬೆಗಳು ಇಲ್ಲೇ ಕೂರುತ್ತವೆ, ನಾನೂ ಇಲ್ಲೇ ಇರುತ್ತೇನೆ ಎಂದೆ. ನಿಶಿತಾ ಚಪ್ಪಲಿ ಸ್ಟ್ಯಾಂಡ್ ಖಾಲಿ ಮಾಡಿ ತೊಳೆದು ತಂದಳು. ಫರ್ಹಾನಾ ತನ್ನ ಪಠ್ಯಪುಸ್ತಕಗಳನ್ನು ಮೆಟ್ಟಿಲಿಗೆ ಜೋಡಿಸಿದಳು.

"ನೀನು ಯಾವಾಗ ಬರ್ತೀಯ?" ಎಂದು ಇವರು ನನ್ನನ್ನು ಕೇಳಿದರು.

"ಅವಳು ಬಂದಾಗ."

"ಈಗ ಮಾರಿದ್ರೆ ಅರ್ಧ ರೇಟ್ ಕೂಡ ಬರಲ್ಲ ಕಣೇ."

"ಬರದಿದ್ರೆ ಬೇಡ" ಅಂದೆ. ಇವರು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರೇ ಅಲೆನ್‌ಗೆ ಹೋದರು.

ನಾಲ್ಕು ದಿನ ಫೋನಿಲ್ಲ. ಅಲಮೇಲು ಆಂಟಿ ಮಾತ್ರ ದಿನಕ್ಕೆರಡು ಸಲ ವರದಿ ಒಪ್ಪಿಸುತ್ತಿದ್ದರು. ನಿಮ್ಮವರು ಬ್ರೆಡ್ಡು ತಿನ್ನುತ್ತಿದ್ದಾರೆ. ನಿಮ್ಮವರು ಗ್ಯಾರೇಜಿನ ಬಾಗಿಲು ತೆಗೆದು ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಹೆಂಡತಿ ಬಿಟ್ಟುಹೋಗಿದ್ದಾಳೋ ಎಂದು ಕನ್ನಡ ಸಂಘದಲ್ಲಿ ಕೇಳುತ್ತಿದ್ದಾರೆ, ಏನು ಹೇಳಲಿ. ಹೌದು ಅನ್ನಿ ಎಂದೆ.

ಐದನೆಯ ದಿನ ಇವರೇ ಫೋನು ಮಾಡಿದರು. ಎರಡೂ ಪಿಸ್ತೂಲುಗಳನ್ನು ವೇಯ್ನ್ ಅರ್ಧ ಬೆಲೆಗೆ ತೆಗೆದುಕೊಂಡ. ಪೂರ್ವಿಕರ ಕೋವಿ ಇರುವ ಮನುಷ್ಯ ಹೀಗೆ ಮಾಡುವುದೇ ಎಂದು ಬೇಸರಪಟ್ಟನಂತೆ. ಸಂಗಮೇಶ್ ತಮ್ಮ ಆಡನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದನ್ನು ಒಬ್ಬ ಅಂಗಡಿಯವನು ಎಂಬತ್ತು ಡಾಲರಿಗೆ ಹೊಡೆದುಕೊಂಡು ಹೋದ. ಮನೆಯಲ್ಲೀಗ ಒಂದೂ ಬಂದೂಕಿಲ್ಲ, ಇಬ್ಬರೂ ಬನ್ನಿ ಎಂದರು.

"ಗುಂಡು?" ಅಂದಳು ಮಹತಿ.

"ಅದು ಇರ್ಲಿ ಪುಟ್ಟಿ. ಬಂದೂಕಿಲ್ದೆ ಗುಂಡು ಏನು ಮಾಡತ್ತೆ? ಮುಂದಿನ ವರ್ಷ ರೇಟ್ ಏರತ್ತಂತೆ."

ಬೇರೆಯವರ ಮನೆಯಲ್ಲಿ ಈ ಮಾತನ್ನು ಒಪ್ಪಬಹುದಿತ್ತು. ನಮ್ಮ ಮನೆಯಲ್ಲಿ ಗುಂಡು ಮೊದಲು ಬಂದು ಆಮೇಲೆ ಬಂದೂಕನ್ನು ಕರೆಸಿಕೊಳ್ಳುತ್ತದೆ. ನಾನು ಹೇಳುವ ಮೊದಲೇ ಮಗಳು ಹೇಳಿದಳು.

"ಅದು ಹೋದ ಮೇಲೆ ಬರ್ತೀನಿ ಅಪ್ಪಾ."

ವೇಯ್ನ್ ಮನೆಯಲ್ಲಿ ಗುಂಡು ಬೇಕಾದಷ್ಟಿತ್ತು, ಇವರದು ಬೇಡವೆಂದ. ಅಂಗಡಿಗಳು ಬಿಡಿಗುಂಡು ಕೊಳ್ಳುವುದಿಲ್ಲ. ಕಸಕ್ಕೆ ಹಾಕುವಂತಿಲ್ಲ. ಉಳಿದದ್ದು ಒಂದೇ ದಾರಿ, ಪೊಲೀಸರಿಗೆ ಪುಕ್ಕಟೆ ಒಪ್ಪಿಸುವುದು. ಪುಕ್ಕಟೆ ಎಂಬ ಶಬ್ದವನ್ನು ಇವರು ಜೀವನದಲ್ಲಿ ತೆಗೆದುಕೊಳ್ಳುವ ಕಡೆಯಿಂದ ಮಾತ್ರ ಬಳಸಿದ್ದರು.

ಸಪ್ತಮಿಯ ಮಧ್ಯಾಹ್ನ ಪೊಲೀಸ್ ಠಾಣೆಯ ಕೌಂಟರಿನಿಂದ ಫೋನು ಬಂತು. ಮಗಳು ಸಾಕ್ಷಿಯಾಗಿರಲಿ ಎಂದು ಸ್ಪೀಕರಿಗೆ ಹಾಕಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಾವು ನಾಲ್ವರೂ ಗೊಂಬೆಗಳ ಮುಂದೆ ಕೂತು ಕೇಳಿದೆವು. ಕೌಂಟರಿನಲ್ಲಿದ್ದವಳು ಒಬ್ಬ ಹೆಂಗಸು, ದನಿಯಲ್ಲಿ ಆಯಾಸವಿತ್ತು. ಎಷ್ಟಿವೆ ಎಂದು ಕೇಳಿದಳು. ಹನ್ನೆರಡು ಸಾವಿರದ ಒಂಬೈನೂರ ನಲವತ್ತು ಎಂದರು ಇವರು. ಬಂದೂಕು ಎಲ್ಲಿ ಎಂದಳು. ಇಲ್ಲ ಎಂದರು. ಬಂದೂಕಿಲ್ಲದೆ ಇಷ್ಟು ಗುಂಡು ಯಾಕೆ ಎಂದಳು. ಸೇಲ್ ಇತ್ತು ಎಂದರು. ನಿಶಿತಾ ಸೆರಗಿಲ್ಲದ ಬಟ್ಟೆಯಲ್ಲಿ ಸೆರಗು ಹುಡುಕಿ, ಸಿಗದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಇವರು ರಸೀದಿ ಕೇಳಿದರು, ಇನ್‌ಕಮ್ ಟ್ಯಾಕ್ಸಿಗೆ ದಾನವೆಂದು ತೋರಿಸಲು. ಅಂಥ ಫಾರಂ ಇಲ್ಲ ಎಂದಳು. ಎಣಿಸಿಯಾದರೂ ತೆಗೆದುಕೊಳ್ಳಿ ಎಂದರು. ಎಣಿಸುವುದಿಲ್ಲ, ತೂಕಕ್ಕೆ ಹಾಕುತ್ತೇವೆ ಎಂದಳು. ಒಂದೊಂದರ ಬೆಲೆಯನ್ನೂ ಸೆಂಟಿನವರೆಗೆ ಬಲ್ಲ ಮನುಷ್ಯನ ಮುಂದೆ ಅವನ್ನೆಲ್ಲ ರದ್ದಿ ಪೇಪರಿನಂತೆ ತಕ್ಕಡಿಗೆ ಸುರಿಯುವ ಸದ್ದು ನಮಗೆ ಕೇಳಿಸಿತು. ಇನ್ನೂರ ಹತ್ತು ಪೌಂಡು. ಕೊನೆಗೆ ಅವಳು, ಯಾಕೆ ಕೊಡುತ್ತಿದ್ದೀರಿ ಎಂದು ಬರೆದುಕೊಳ್ಳಬೇಕು, ಕಾರಣ ಹೇಳಿ ಎಂದಳು.

ಇವರು ಗಂಟಲು ಸರಿಮಾಡಿಕೊಂಡರು. ಬೆಲೆ ಏರುವ ವಿಚಾರ ಶುರುಮಾಡುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಮಗಳು ಮನೆಗೆ ಬರುತ್ತಿಲ್ಲ ಎಂದರು ಇಂಗ್ಲಿಷಿನಲ್ಲಿ. ಅಷ್ಟೇ. ಅವಳು ಅದನ್ನು ಬರೆದುಕೊಂಡಳೋ ಏನೋ, ಕೀಲಿಮಣೆ ಒತ್ತುವ ಶಬ್ದ ಬಂತು.

ಮಹತಿ ಎದ್ದು ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಗೊಂಬೆಗಳು ದಶಮಿಯವರೆಗೆ ಇಲ್ಲೇ ಇರಲಿ, ದೀಪ ಹಚ್ಚುವುದು ತಾವು ನೋಡಿಕೊಳ್ಳುತ್ತೇವೆ ಎಂದು ಗೆಳತಿಯರು ಹೇಳಿದರು. ಇವರು ಠಾಣೆಯಿಂದ ಕಾರಿಗೆ ಬಂದು, ಜೇಬಿನಿಂದ ಫೋನು ತೆಗೆದು, ಕೇಳಿಸ್ತಾ ಎಂದರು. ಕೇಳಿಸಿತು, ಹೊರಡುತ್ತಿದ್ದೇವೆ, ಏಳು ಗಂಟೆಗೆ ಮನೆಯಲ್ಲಿರುತ್ತೇವೆ, ಅಷ್ಟರಲ್ಲಿ ಅನ್ನಕ್ಕೆ ಇಟ್ಟಿರಿ ಎಂದೆ.

ಇಪ್ಪತ್ತೇಳು ವರ್ಷದಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕೇಳಲು ಯಾವ ಮನುಷ್ಯನಿಗೂ ಸ್ವಲ್ಪ ಸಮಯ ಬೇಕು.

"ಎಷ್ಟು ಅಕ್ಕಿ ಹಾಕ್ಲಿ?"

"ಮೂರು ಜನಕ್ಕೆ" ಅಂದೆ.